ತೆಂಗಿನಕಾಯಿ ನಿಷೇಧದ ಮೂರು ತಿಂಗಳು

ಸಿಂಗಪುರದ ಸೆರಂಗೂನಿನ ಹನ್ನೊಂದನೇ ಮಹಡಿಯ ಫ್ಲಾಟೊಂದರಲ್ಲಿ ಶನಿವಾರ ಬೆಳಿಗ್ಗೆ ತೆಂಗಿನಕಾಯಿಯ ಬಳಕೆಯನ್ನು ತಕ್ಷಣದಿಂದ ಜಾರಿಗೆ ಬರುವಂತೆ ನಿಷೇಧಿಸಲಾಯಿತು. ಫ್ರಿಜ್ಜಿನಲ್ಲಿದ್ದ ಒಂದು ಡಬ್ಬಿ ಕಾಯಿತುರಿ, ಅರ್ಧ ಬಟ್ಟಲು ಚಟ್ನಿ ಹಾಗೂ ಊರಿನಿಂದ ಬಂದಿದ್ದ ಒಂದು ಚೀಲ ಕೊಬ್ಬರಿಯನ್ನು ವಶಪಡಿಸಿಕೊಳ್ಳಲಾಯಿತು. ಪರಿಸ್ಥಿತಿ ಉದ್ವಿಗ್ನವಾಗಿದ್ದರೂ ಹತೋಟಿಯಲ್ಲಿತ್ತು. ಮನೆಯ ಗಂಡಸರಿಬ್ಬರೂ ಹೇಳಿಕೆ ನೀಡಲು ನಿರಾಕರಿಸಿದರು.

ಆ ಇಬ್ಬರಲ್ಲಿ ಒಬ್ಬ ನಾನು, ಇನ್ನೊಬ್ಬರು ನನ್ನ ಮಾವ. ನಿಷೇಧಾಜ್ಞೆ ಹೊರಡಿಸಿದವಳು ನನ್ನ ಹೆಂಡತಿ, ಅಂದರೆ ಅವರ ಮಗಳು. ಬೇರೆಯವರ ಮನೆಯಲ್ಲಿ ಇಂಥವು ವರ್ಷಕ್ಕೊಮ್ಮೆ ನಡೆಯುತ್ತವೇನೋ. ಮಾವ ಸಿಂಗಪುರಕ್ಕೆ ಬಂದ ಮೇಲೆ ನಮ್ಮಲ್ಲಿ ವಾರಕ್ಕೊಂದು ನಡೆಯತೊಡಗಿದವು.

ಮಾವ ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡಿ ನಿವೃತ್ತರಾದವರು. ಅವರ ಪ್ರಕಾರ ಜಗತ್ತಿನಲ್ಲಿ ಎರಡೇ ಬಗೆಯ ಅಡುಗೆ: ಕಾಯಿ ಹಾಕಿದ್ದು ಮತ್ತು ಕಾಯಿ ಹಾಕುವುದನ್ನು ಮರೆತದ್ದು. ನಮ್ಮ ಜೊತೆ ಕೆಲವು ತಿಂಗಳು ಇರಲೆಂದು ಬಂದಿದ್ದರು. ಬಂದವರನ್ನು ಮಗಳು ಮೊದಲ ವಾರವೇ, ಖಾಲಿ ಹೊಟ್ಟೆಯಲ್ಲಿರಿ ಎಂದು ಹೇಳಿ, ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದಳು. ರಕ್ತದಲ್ಲಿ ಜಿಡ್ಡು ಮಿತಿ ದಾಟಿದೆ ಎಂದು ವರದಿ ಬಂತು. ಮೂರು ತಿಂಗಳು ಪಥ್ಯ ಮಾಡಿ, ಆಮೇಲೆ ಮತ್ತೊಮ್ಮೆ ನೋಡೋಣ, ಇಳಿಯದಿದ್ದರೆ ಮಾತ್ರೆ ಶುರು ಮಾಡೋಣ ಎಂದು ಡಾಕ್ಟರು ಹೇಳಿದರು.

ಅತ್ತೆಯವರು ಹೋದದ್ದು ಹೃದಯದ ತೊಂದರೆಯಿಂದ. ಅದನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡುವುದಿಲ್ಲ. ಅದರ ಬದಲು ತೆಂಗಿನಕಾಯಿಯ ವಿಷಯ ಮಾತಾಡುತ್ತೇವೆ.

ಪೊರಕೆಗೆ ಅಡ್ಡಿಯಿಲ್ಲ

ವರದಿ ಓದಿ ಹೇಳಿದ ಡಾಕ್ಟರು ಇಲ್ಲೇ ಹುಟ್ಟಿ ಬೆಳೆದ ಚೀನೀ ಹುಡುಗಿ. ಬಹಳ ತಾಳ್ಮೆ. ಏನೇನು ತಿನ್ನುತ್ತೀರಿ ಎಂದು ಕೇಳಿದಳು. ಮಾವ ಕನ್ನಡದಲ್ಲಿ ಹೇಳಿದರು, ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಚಟ್ನಿಗೆ ಕಾಯಿ, ಪಲ್ಯಕ್ಕೆ ಕಾಯಿ, ಹುಳಿಗೆ ಕಾಯಿ ರುಬ್ಬಿದ್ದು, ಪಾಯಸಕ್ಕೆ ಕಾಯಿಹಾಲು, ಸಂಜೆ ಬೆಲ್ಲದ ಜೊತೆ ಒಂದು ಚೂರು ಕೊಬ್ಬರಿ.

"ಅಂಕಲ್, ಕೋಕನಟ್ ಸ್ಟಾಪ್ ಮಾಡಬೇಕು," ಎಂಬರ್ಥದ್ದನ್ನು ಅವಳು ಹೇಳಿದಳು.

ಮಾವ ಕುರ್ಚಿಯ ತುದಿಗೆ ಸರಿದರು. "ಅಳಿಯಂದ್ರೆ, ಈ ಮಗೂಗೆ ಸ್ವಲ್ಪ ತಿಳಿಸಿ ಹೇಳಿ. ಎಳನೀರು ಕುಡಿದರೆ ದೇಹಕ್ಕೆ ತಂಪು, ಉರಿಮೂತ್ರ ನಿಲ್ಲುತ್ತೆ. ಕಾಯಿ ತಿಂದರೆ ಬಲ. ಕೊಬ್ಬರಿ ತಿಂದರೆ ಬಾಣಂತಿಗೆ ಸೊಂಟ ಗಟ್ಟಿ. ಎಣ್ಣೆ ತಲೆಗೂ ಆಯ್ತು, ಎಳೆಗೂಸಿನ ಮೈಗೂ ಆಯ್ತು. ಚಿಪ್ಪು ಸೌಟಿಗೆ, ನಾರು ಪಾತ್ರೆ ತಿಕ್ಕೋಕೆ, ಸೋಗೆ ಚಪ್ಪರಕ್ಕೆ, ಕಡ್ಡಿ ಪೊರಕೆಗೆ. ಬಿಸಾಡೋ ಪದಾರ್ಥವೇ ಇಲ್ಲ ಅದರಲ್ಲಿ. ಅಂಥದ್ದು ಮನುಷ್ಯನಿಗೆ ಕೆಡುಕು ಮಾಡುತ್ತಾ, ಕೇಳಿ."

ನಾನು ಬಾಣಂತಿಯ ಸೊಂಟವೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಅವಳಿಗೆ ತಿಳಿಸಿ ಹೇಳಿದೆ. ಡಾಕ್ಟರು ಪೂರ್ತಿ ಕೇಳಿಸಿಕೊಂಡಳು. ಎಳನೀರು ಅಪರೂಪಕ್ಕೊಮ್ಮೆ ಪರವಾಗಿಲ್ಲ ಎಂದಳು. ತಲೆಗೆ ಎಣ್ಣೆ ಹಚ್ಚಿಕೊಳ್ಳಲಿ ಎಂದಳು. ಆಮೇಲೆ ಮಾವನವರ ಕಡೆಗೇ ತಿರುಗಿ, ಮುಖ್ಯವಾದದ್ದನ್ನು ಅವರಿಗೆ ನೇರವಾಗಿ ಅರ್ಥವಾಗುವ ಹಾಗೆ ಹೇಳಿದಳು:

"ಅಂಕಲ್, ಬ್ರೂಮ್ ಕ್ಯಾನ್. ಈಟ್ ಕೆನಾಟ್."

ದೇವರಿಗೆ ವಿನಾಯಿತಿ

ನಿಷೇಧದಲ್ಲಿ ಒಂದೇ ಒಂದು ವಿನಾಯಿತಿ ಇತ್ತು. ಶನಿವಾರ ದೇವರಿಗೆ ಒಂದು ಕಾಯಿ ಒಡೆಯಬಹುದು.

ಮೊದಲ ಶನಿವಾರ ಒಡೆದರು. ಮಂಗಳವಾರ ಕೂಡ ವಿಶೇಷ ದಿನ ಎಂದು ಮಾವನವರಿಗೆ ನೆನಪಾಯಿತು. ಶುಕ್ರವಾರ ಲಕ್ಷ್ಮಿಯನ್ನು ಬಿಡುವ ಹಾಗಿರಲಿಲ್ಲ. ಎರಡನೇ ವಾರಕ್ಕೆ ಗುರುವಾರವೂ ಸೇರಿತು. ಅವರಲ್ಲಿ ಇಷ್ಟೊಂದು ಭಕ್ತಿ ಇರುವುದು ಅವರ ಮಗಳಿಗೂ ಗೊತ್ತಿರಲಿಲ್ಲ.

ಸಮಸ್ಯೆ ಎಂದರೆ ಸದ್ದು. ಇಲ್ಲಿನ ಫ್ಲಾಟಿನ ಟೈಲ್ಸ್ ಮೇಲೆ ಕಾಯಿ ಒಡೆದರೆ ಟೈಲ್ಸೇ ಮೊದಲು ಒಡೆಯುತ್ತದೆ. ಕಾರಿಡಾರಿನಲ್ಲಿ ಒಡೆದರೆ ಇಡೀ ಮಹಡಿ ಬಾಗಿಲು ತೆರೆಯುತ್ತದೆ. ಮಾವ ಮನೆಯೆಲ್ಲ ಸುತ್ತಿ, ಗೋಡೆ ಬಡಿದು ನೋಡಿ, ಕೊನೆಗೆ ಸ್ಟೋರ್ ರೂಮಿನ ಮುಂದೆ ನಿಂತರು. ಅದು ನಿಜವಾಗಿ ಸ್ಟೋರ್ ರೂಮಲ್ಲ. ಯುದ್ಧಗಿದ್ಧ ಬಂದರೆ ಮನೆಮಂದಿ ಅಡಗಿ ಕೂರಲೆಂದು ಇಲ್ಲಿನ ಹೊಸ ಫ್ಲಾಟುಗಳಲ್ಲಿ ಕಟ್ಟಿಸುವ ಸಣ್ಣ ಕೋಣೆ. ದಪ್ಪ ಕಾಂಕ್ರೀಟ್ ಗೋಡೆ, ಕಬ್ಬಿಣದ ಬಾಗಿಲು. ಯುದ್ಧ ಬರುವವರೆಗೆ ಎಲ್ಲರೂ ಅಲ್ಲಿ ಅಕ್ಕಿಮೂಟೆ, ಸೂಟ್‌ಕೇಸು ಇಟ್ಟಿರುತ್ತಾರೆ.

ಮಾವ ಕಾಯಿ ಹಿಡಿದು ಒಳಗೆ ಹೋದರು. ಕಬ್ಬಿಣದ ಬಾಗಿಲು ಕಿರ್ರೆಂದು ಮುಚ್ಚಿಕೊಂಡಿತು. ನಮಗೆ ಏನೂ ಕೇಳಿಸಲಿಲ್ಲ. ಬಾಂಬಿನ ಸದ್ದು ಒಳಗೆ ಬರದ ಹಾಗೆ ಕಟ್ಟಿದ ಕೋಣೆ, ಕಾಯಿಯ ಸದ್ದು ಹೊರಗೆ ಬಿಡುವುದಿಲ್ಲ ಎಂದು ನಾನು ಇಲ್ಲಿನ ಎಂಜಿನಿಯರುಗಳನ್ನು ಹೊಗಳುತ್ತಿರುವಾಗಲೇ ಕಾಲಿಂಗ್ ಬೆಲ್ ಆಯಿತು. ಕೆಳಮನೆಯ ಮಲಯ ಆಂಟಿ. ಆ ಕೋಣೆಗಳನ್ನು ಒಂದರ ಮೇಲೊಂದು ಕಟ್ಟಿರುತ್ತಾರೆ. ನಮ್ಮ ನೆಲವೇ ಅವರ ಸೂರು.

"ಬೆಳಿಗ್ಗೆ ಬೆಳಿಗ್ಗೆನೇ ರೆನೊವೇಶನ್ನಾ?" ಎಂದು ಆಂಟಿ ಕೇಳುತ್ತಿದ್ದಂತೆ ಮಾವ ಹೋಳುಗಳೆರಡನ್ನೂ ಎರಡು ಕೈಯಲ್ಲಿ ಹಿಡಿದು ಹೊರಬಂದರು. ಸಿಕ್ಕಿಬಿದ್ದವರ ಮುಖ. ಏನು ಮಾಡಬೇಕೆಂದು ತೋಚದೆ ಒಂದು ಹೋಳನ್ನು ಆಂಟಿಯ ಕೈಗಿಟ್ಟು, "ಪ್ರಸಾದ," ಎಂದರು.

ಆಂಟಿಗೆ ಖುಷಿಯಾಯಿತು. ಅವರಿಗಿಂತ ಹೆಚ್ಚು ಖುಷಿಯಾದದ್ದು ನನ್ನ ಹೆಂಡತಿಗೆ. ಅಂದಿನಿಂದ ಒಡೆದ ಕಾಯಿಯ ಎರಡೂ ಹೋಳು ಸೀದಾ ಕೆಳಮನೆಗೆ ಹೋಗಬೇಕೆಂದು ಆಜ್ಞೆಯಾಯಿತು. ಮಾವನವರ ಭಕ್ತಿ ತಕ್ಷಣ ವಾರಕ್ಕೆ ಒಂದೇ ದಿನಕ್ಕೆ ಇಳಿಯಿತು.

ಆದರೆ ಒಳ್ಳೆಯ ನೆರೆಹೊರೆಯವರು ಬಟ್ಟಲನ್ನು ಖಾಲಿ ವಾಪಸ್ಸು ಕೊಡುವುದಿಲ್ಲ. ಮುಂದಿನ ಶನಿವಾರ ಸಂಜೆ ಆಂಟಿ ಒಂದು ಡಬ್ಬಿ ತಂದುಕೊಟ್ಟರು. ಒಳಗೆ ಹಸಿರು ಬಣ್ಣದ ಪುಟ್ಟ ಪುಟ್ಟ ಉಂಡೆ. ಅಕ್ಕಿಹಿಟ್ಟಿನ ಹೊದಿಕೆ, ಒಳಗೆ ಕರಗಿದ ತಾಳೆಬೆಲ್ಲ, ಮೈತುಂಬ ಕಾಯಿತುರಿ. ಬರೀ ಹಿಟ್ಟು, ಬೆಲ್ಲ, ಕಾಯಿ ಎಂದು ಆಂಟಿ ಮೊದಲೇ ಹೇಳಿದರು. ನಾವು ಏನು ತಿನ್ನುತ್ತೇವೆ, ಏನು ತಿನ್ನುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಡಾಕ್ಟರ ವಿಷಯ ಮಾತ್ರ ಗೊತ್ತಿರಲಿಲ್ಲ. ಅಂಕಲ್ ಒಂದಾದರೂ ತಿನ್ನಬೇಕು ಎಂದು ನಿಂತೇಬಿಟ್ಟರು.

ಮಾವ ಮಗಳ ಮುಖ ನೋಡಿದರು. ಮಗಳು ಆಂಟಿಯ ಮುಖ ನೋಡಿದಳು. ಮಾವ ಒಂದು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಅಗಿದು, ಬಹಳ ದುಃಖದಿಂದ ಹೇಳಿದರು:

"ನಾವು ಕೊಟ್ಟ ಕಾಯೀನೇ ಕಣಮ್ಮ. ನನ್ನ ನೋಡೋಕೆ ವಾಪಸ್ ಬಂದಿದೆ."

ಒಂದು ಚಮಚ ಕೀಲೆಣ್ಣೆ

ಅದೇ ತಿಂಗಳು ಬ್ಯೂನಾ ವಿಸ್ಟಾದ ನಮ್ಮ ಆಫೀಸಿನಲ್ಲಿ ಆರೋಗ್ಯ ಸಪ್ತಾಹ. ತೆಳ್ಳಗಿನ ತರುಣನೊಬ್ಬ ಬಂದು, ತೆಂಗಿನೆಣ್ಣೆ ಈ ಕಾಲದ ಸೂಪರ್‌ಫುಡ್ ಎಂದು ಒಂದು ಗಂಟೆ ಭಾಷಣ ಮಾಡಿದ. ಬೆಳಿಗ್ಗೆ ಕಾಫಿಗೆ ಒಂದು ಚಮಚ ಹಾಕಿಕೊಂಡು ಕುಡಿದರೆ ದಿನವಿಡೀ ಚುರುಕು, ಬಾಯಲ್ಲಿಟ್ಟು ಮುಕ್ಕಳಿಸಿದರೆ ಹಲ್ಲಿಗೆ ಹೊಳಪು. ನಾನು ಸ್ಕೂಲಿಗೆ ಹೋಗುವಾಗ ಅಮ್ಮ ಅದೇ ಎಣ್ಣೆಯನ್ನು ನೆತ್ತಿಗೆ ಸುರಿದು, ಅದು ಕಿವಿಯ ಪಕ್ಕ ಇಳಿದು, ಪಕ್ಕದಲ್ಲಿ ಕೂತವನು ಬೆಂಚು ಬದಲಾಯಿಸುತ್ತಿದ್ದ. ಈಗ ನನ್ನ ಮ್ಯಾನೇಜರ್ ಅದನ್ನೇ ಕಾಫಿಯಲ್ಲಿ ಕದಡಿಕೊಂಡು, "ನಿಮ್ಮ ಕಡೆ ಇದೆಲ್ಲ ಗೊತ್ತಾ?" ಎಂದು ಕೇಳಿದ. ಕೇಳಿದ್ದೇನೆ ಎಂದೆ.

ಕೊನೆಯಲ್ಲಿ ಎಲ್ಲರಿಗೂ ಒಂದೊಂದು ಪುಟ್ಟ ಬಾಟಲಿ ಬಿಟ್ಟಿ ಕೊಟ್ಟರು. ಮನೆಗೆ ತಂದೆ. ತಿನ್ನುವ ಪದಾರ್ಥವೋ ಹಚ್ಚುವ ಪದಾರ್ಥವೋ ಎಂದು ಹೆಂಡತಿ ಬಾಗಿಲಲ್ಲೇ ವಿಚಾರಣೆ ನಡೆಸಿದಳು. ಹಚ್ಚುವುದು ಎಂದೆ. ಬಾಟಲಿಗೆ ಪ್ರವೇಶ ಸಿಕ್ಕಿತು.

ಮಾವ ಕನ್ನಡಕ ಏರಿಸಿ ಲೇಬಲ್ಲನ್ನು ಓದಿದರು. ಅವರ ವಾಟ್ಸಾಪಿಗೆ ಆಗ ದಿನಕ್ಕೆರಡು ಮೆಸೇಜು ಬರುತ್ತಿತ್ತು. ಬೆಳಿಗ್ಗೆ ಬಂದದ್ದರಲ್ಲಿ ತೆಂಗು ವಿಷವಾಗಿದ್ದರೆ ಸಂಜೆ ಬಂದದ್ದರಲ್ಲಿ ಅಮೃತವಾಗಿರುತ್ತಿತ್ತು. ಎರಡನ್ನೂ ಅವರು ತಪ್ಪದೆ ಎಲ್ಲರಿಗೂ ಕಳಿಸುತ್ತಿದ್ದರು. ಈಗ ನಾನು ಭಾಷಣದ ಸಾರಾಂಶ ಹೇಳಿದೆ.

"ಚಮಚದಲ್ಲಿ ಕುಡೀತಾರಾ?" ಎಂದರು.

"ಕುಡೀತಾರಂತೆ ಮಾವ. ಕಾಫಿಗೆ ಹಾಕ್ಕೊಂಡು."

"ತಿಂಡಿಗೆ ಒಂದು ಚಮಚ ಚಟ್ನಿ ಬೇಡ, ಕಾಫಿಗೆ ಒಂದು ಚಮಚ ಎಣ್ಣೆ ಬೇಕು." ಸ್ವಲ್ಪ ಹೊತ್ತು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಎದ್ದು ಹೋದರು.

ಮರುದಿನದಿಂದ ಯುದ್ಧದ ಕೋಣೆಯ ಬಾಗಿಲು ಕಿರ್ರೆನ್ನುವುದು ನಿಂತಿತು. ಬಾಟಲಿ ಪೂರ್ತಿ ಖಾಲಿಯಾಗಿತ್ತು. ತರುಣ ಹೇಳಿದ್ದು ನಿಜ; ಒಂದೇ ದಿನಕ್ಕೆ ಕೀಲುಗಳಲ್ಲಿ ಚುರುಕು ಬಂದಿತ್ತು.

ನೋಡಲು ಮಾತ್ರ

ಎರಡನೇ ತಿಂಗಳಿಗೆ ಮಾವನವರಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ನಡುಮನೆಯಿಂದ ಅಡುಗೆಮನೆ, ಅಡುಗೆಮನೆಯಿಂದ ಕಾರಿಡಾರು, ಕಾರಿಡಾರಿನಿಂದ ಲಿಫ್ಟು, ಕೆಳಗೆ ವಾಯ್ಡ್ ಡೆಕ್ ಎಂದು ಖಾಲಿ ಬಿಟ್ಟಿರುವ ನೆಲ ಅಂತಸ್ತಿನಲ್ಲಿ ನಾಲ್ಕು ಸುತ್ತು, ಮತ್ತೆ ಲಿಫ್ಟು. ಫ್ರಿಜ್ಜಿನ ಬಾಗಿಲು ತೆಗೆದು, ಒಳಗೆ ಏನೂ ಇಲ್ಲವೆಂದು ಖಚಿತಪಡಿಸಿಕೊಂಡು, ಮುಚ್ಚಿ, ಮತ್ತೆ ತೆಗೆದು ನೋಡುತ್ತಿದ್ದರು. ಹೆಂಡತಿಗೂ ಅದೇ ರೋಗ. ಅಪ್ಪ ಒಂದು ಸಲ ಎದೆಯ ಮೇಲೆ ಕೈಯಿಟ್ಟು ಕೆರೆದುಕೊಂಡರೆ ಇವಳು ಆಫೀಸಿನ ಕಾಲ್ ಮ್ಯೂಟ್ ಮಾಡಿ ಎದ್ದು ಬರುತ್ತಿದ್ದಳು. "ಏನಿಲ್ಲ ಕಣಮ್ಮ, ಸೊಳ್ಳೆ," ಎನ್ನುವರು. ಹನ್ನೊಂದನೇ ಮಹಡಿಗೆ ಸೊಳ್ಳೆ ಹೇಗೆ ಬಂತು ಎಂದು ಮತ್ತೆ ಚಿಂತೆ.

ಒಂದು ದಿನ ಮಾವ ಸಂಜೆ ಎಷ್ಟು ಹೊತ್ತಾದರೂ ಬರಲಿಲ್ಲ. ಹುಡುಕಿಕೊಂಡು ಹೋದೆ. ಮಾಲಿನ ನೆಲಮಾಳಿಗೆಯ ಸೂಪರ್‌ಮಾರ್ಕೆಟ್ಟಿನಲ್ಲಿ ಸಿಕ್ಕಿದರು. ಕಾಯಿಗಳ ರಾಶಿಯ ಮುಂದೆ ನಿಂತಿದ್ದರು. ಒಂದೊಂದನ್ನೇ ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ, ಬೆರಳಿನಿಂದ ಟಕ್ಕೆಂದು ಹೊಡೆದು, ಎದೆಗೊತ್ತಿಕೊಂಡಂತೆ ಮಾಡಿ, ಮೆತ್ತಗೆ ಅದರ ಜಾಗದಲ್ಲಿಡುತ್ತಿದ್ದರು. ಆಸ್ಪತ್ರೆಯಲ್ಲಿರುವ ನೆಂಟರನ್ನು ಮಾತಾಡಿಸಿದ ಹಾಗೆ.

"ಮಾವ, ಏನ್ ಮಾಡ್ತಿದೀರ?"

"ಏನಿಲ್ಲ ಅಳಿಯಂದ್ರೆ. ಹೇಗಿದಾವೆ ಅಂತ ನೋಡ್ಕೊಂಡು ಹೋಗೋಣ ಅಂತ."

ಅಂಗಡಿಯ ಹುಡುಗಿ ಆಗಲೇ ಎರಡು ಸಲ ಬಂದು ಹೋಗಿದ್ದಳಂತೆ. ಮೂರನೇ ಸಲ ಬಂದು, ಅಂಕಲ್ ತಗೋತಾರೋ ಇಲ್ಲವೋ ಎಂದು ನನ್ನನ್ನು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಮಾವ, ಸಿಂಗಪುರಕ್ಕೆ ಬಂದು ಕಲಿತ ಇಂಗ್ಲಿಷಿನಲ್ಲಿ, ಕಾಯಿಯನ್ನು ಕೆಳಗಿಡುತ್ತ ಹೇಳಿದರು:

"ಲುಕ್ ಕ್ಯಾನ್. ಡಾಟರ್ ಕೆನಾಟ್."

ನಿಷೇಧದ ವ್ಯಾಪ್ತಿ

ಇಲ್ಲಿಯವರೆಗೆ ನನ್ನ ಬಗ್ಗೆ ಏನೂ ಹೇಳಿಲ್ಲ. ಮಾವನವರ ಜೊತೆ ನನಗೂ ಚಟ್ನಿ ನಿಂತಿತ್ತು. ಅವರ ಎದುರು ನಾವು ತಿನ್ನುವುದು ಚೆನ್ನಾಗಿರುವುದಿಲ್ಲ ಎಂದು ಹೆಂಡತಿ ಹೇಳಿದಳು. ನ್ಯಾಯವೇ. ಆದರೆ "ಅವರ ಎದುರು" ಎಂದರೆ ಮನೆಯಲ್ಲಿ ಎಂದರ್ಥ. ಬ್ಯೂನಾ ವಿಸ್ಟಾದಲ್ಲಿ ಮಾವ ಇರಲಿಲ್ಲ.

ಆಫೀಸಿನ ಹತ್ತಿರ ಸಾಲು ತಿಂಡಿ ಅಂಗಡಿಗಳಿರುವ ಹಾಕರ್ ಸೆಂಟರಿನಲ್ಲಿ ಒಂದು ವೆಜಿಟೇರಿಯನ್ ಅಂಗಡಿ ಇತ್ತು. ಅಲ್ಲಿ ನಾಸಿ ಲೆಮಾಕ್, ಅಂದರೆ ತೆಂಗಿನ ಹಾಲಿನಲ್ಲೇ ಬೆಂದ ಅನ್ನ. ಪಕ್ಕಕ್ಕೆ ತರಕಾರಿ ಸಾರು, ಅದೂ ತೆಂಗಿನ ಹಾಲಿನದು. ಆಮೇಲೆ ಚೆಂಡೋಲ್, ಅಂದರೆ ಐಸು, ಬೆಲ್ಲ, ಮತ್ತೆ ತೆಂಗಿನ ಹಾಲು. ನಿಷೇಧಕ್ಕೆ ಮುಂಚೆ ಇವೆಲ್ಲ ನನಗೆ ಅಷ್ಟೇನೂ ಬೇಕೆನಿಸಿರಲಿಲ್ಲ. ಈಗ ಬೆಳಿಗ್ಗೆ ಹತ್ತು ಗಂಟೆಗೇ ಕಾಲು ತುರಿಸತೊಡಗುತ್ತಿತ್ತು. ಮೀಟಿಂಗಿನಲ್ಲಿ ಕೂತಿದ್ದರೂ ಮನಸ್ಸು ಎಸ್ಕಲೇಟರ್ ಇಳಿಯುತ್ತಿತ್ತು. ಆರಂಭದಲ್ಲಿ ವಾರಕ್ಕೊಮ್ಮೆ ಹೋದೆ. ಆಮೇಲೆ ಅಂಗಡಿಯ ಆಂಟಿ ನನ್ನನ್ನು ದೂರದಿಂದ ಕಂಡೊಡನೆ ತಟ್ಟೆ ಹಾಕತೊಡಗಿದರು.

ಮನೆಯಲ್ಲಿ ನಿಷೇಧ ಜಾರಿಯ ಹೊಣೆ ನಮ್ಮ ಎಂಟು ವರ್ಷದ ಮಗಳದ್ದು. ದಿನ ಸಂಜೆ ತಾತನನ್ನು ಸೋಫಾದಲ್ಲಿ ಕೂರಿಸಿ, "ತಾತ, ಬಾಯಿ ಆ ಮಾಡು," ಎಂದು ಮೂಸಿ ನೋಡುತ್ತಿದ್ದಳು. ಒಂದು ಸಂಜೆ ನಾನು ಆಗಷ್ಟೇ ಬಂದು ಅವರ ಪಕ್ಕ ಕೂತು ಆಕಳಿಸಿದೆ. ಮಗಳು ತಟ್ಟನೆ ತಲೆಯೆತ್ತಿದಳು.

"ಅಮ್ಮಾ! ತಾತ ಕೋಕನಟ್ ತಿಂದಿದಾರೆ! ಸ್ಮೆಲ್ ಬರ್ತಿದೆ ಲಾ!"

ಮಾವ ನನ್ನ ಕಡೆ ತಿರುಗಿ ನಿಧಾನವಾಗಿ ಮೂಗೆಳೆದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಅಸೂಯೆ ಇತ್ತು. ಅಡುಗೆಮನೆಯಿಂದ ನನ್ನ ಹೆಂಡತಿ ಸೌಟು ಹಿಡಿದು ಬರುವುದರೊಳಗೆ ನನ್ನ ಕಿವಿಯಲ್ಲಿ ಕೇಳಿದರು:

"ತುರಿದಿದ್ದಾ? ಹಾಲು ಹಿಂಡಿದ್ದಾ?"

ಹಾಲು ಎಂದೆ. ತಪ್ಪನ್ನು ಅವರೇ ಒಪ್ಪಿಕೊಂಡು ಬೈಸಿಕೊಂಡರು. ನಾನು ಅಂದು ಊಟ ಮಾಡಲಿಲ್ಲ. ಪಶ್ಚಾತ್ತಾಪದಿಂದಲ್ಲ, ಹೊಟ್ಟೆ ತುಂಬಿತ್ತು.

ಉಪವಾಸ

ಮೂರು ತಿಂಗಳಾಯಿತು. ಮರುಪರೀಕ್ಷೆಯ ದಿನ ಹತ್ತಿರ ಬಂದ ಹಾಗೆ ಮನೆಯಲ್ಲಿ ಯಾರಿಗೂ ನಿಂತಲ್ಲಿ ನಿಲ್ಲಲಾಗಲಿಲ್ಲ. ನನ್ನ ಹೆಂಡತಿ ವಿಜ್ಞಾನ ಓದಿದವಳು. ಕೊಲೆಸ್ಟ್ರಾಲಿನ ವಿಷಯದಲ್ಲಿ ಲೇಖನ ಓದುತ್ತಾಳೆಯೇ ಹೊರತು ಹರಕೆ ಹೊರುವುದಿಲ್ಲ. ಅಂಥವಳು ಹಿಂದಿನ ದಿನ ಸಂಜೆ ಆಫೀಸಿನಿಂದ ತಡವಾಗಿ ಬಂದಳು. ಕೈಯಲ್ಲಿ ದೇವಸ್ಥಾನದ ಕವರು. ಒಡೆದ ಕಾಯಿಯ ಎರಡು ಹೋಳು, ಬಾಳೆಹಣ್ಣು, ಹೂವು, ಕುಂಕುಮ. ಅಪ್ಪನ ಹೆಸರಿನಲ್ಲಿ ಅರ್ಚನೆ ಮಾಡಿಸಿಕೊಂಡು ಬಂದಿದ್ದಳು. ತಟ್ಟೆಗಿಟ್ಟು, ದೇವರ ಮುಂದೆ ಸರಿಸಿ, "ಇದನ್ನ ಯಾರೂ ಮುಟ್ಟಬೇಡಿ. ನಾಳೆ ಕೆಳಗಡೆ ಆಂಟಿಗೆ ಕೊಡ್ತೀನಿ," ಎಂದಷ್ಟೇ ಅಂದಳು.

ಊಟವಾದ ಮೇಲೆ ಇನ್ನೊಂದು ಸಲ: "ಅಪ್ಪ, ನಾಳೆ ಖಾಲಿ ಹೊಟ್ಟೇಲಿ ಹೋಗಬೇಕು. ಬೆಳಿಗ್ಗೆ ಎದ್ದು ಏನೂ ತಿನ್ನಬೇಡಿ. ನೆನಪಿದೆಯಾ?"

"ನೀನು ಹುಟ್ಟೋಕೆ ಮುಂಚಿನಿಂದ ಏಕಾದಶಿ ಮಾಡ್ತಿದೀನಿ. ಉಪವಾಸ ನನಗೆ ಹೇಳ್ಕೊಡಬೇಡ," ಎಂದರು ಮಾವ.

ಬೆಳಿಗ್ಗೆ ಹೊರಡುವಾಗ, ಒಬ್ಬನೇ ಚುಚ್ಚಿಸಿಕೊಳ್ಳಲು ಬೇಜಾರು, ಅಳಿಯಂದಿರೂ ರಕ್ತ ಕೊಡಲಿ ಎಂದರು. ಹೆಂಡತಿಗೆ ಇದು ಬಹಳ ಹಿಡಿಸಿತು. "ಹೌದು ರೀ, ನೀವೂ ಇನ್ನೂ ಏನೂ ತಿಂದಿಲ್ಲವಲ್ಲ, ಕೊಡಿ. ಮೂರು ತಿಂಗಳ ಪಥ್ಯ ನಿಮಗೆ ಎಷ್ಟು ಒಳ್ಳೇದು ಮಾಡಿದೆ ಅಂತ ಗೊತ್ತಾಗುತ್ತೆ." ಬೇಡ ಎನ್ನಲು ಹೇಳಬಹುದಾದ ಕಾರಣ ನನ್ನಲ್ಲಿರಲಿಲ್ಲ.

ಕ್ಲಿನಿಕ್ಕಿನಲ್ಲಿ ನರ್ಸು ಮಾವನವರ ತೋಳಿಗೆ ಪಟ್ಟಿ ಬಿಗಿದು ಕೇಳಿದಳು, "ಅಂಕಲ್, ಫಾಸ್ಟಿಂಗ್?"

"ಯೆಸ್. ಫುಲ್."

"ನೋ ಫುಡ್?"

"ನೋ ರೈಸ್," ಎಂದರು ಮಾವ, ಹೆಮ್ಮೆಯಿಂದ.

ನರ್ಸಿನ ಕೈಯಲ್ಲಿದ್ದ ಸೂಜಿ ಗಾಳಿಯಲ್ಲೇ ನಿಂತಿತು. "ನೋ ರೈಸ್. ದೆನ್ ಈಟ್ ವಾಟ್?"

ಇಷ್ಟು ಸೂಕ್ಷ್ಮ ವಿಷಯವನ್ನು ಹೇಳಲು ತಮ್ಮ ಇಂಗ್ಲಿಷು ಸಾಲದೆಂದು ಮಾವ ನಮ್ಮ ಕಡೆ ತಿರುಗಿದರು. "ಸ್ನಾನ ಆಯ್ತು, ದೇವರಿಗೆ ಕೈ ಮುಗಿದೆ. ಅಲ್ಲಿ ಪ್ರಸಾದ ಇತ್ತು. ನನ್ನ ಹೆಸರಲ್ಲೇ ಮಾಡಿಸಿದ ಅರ್ಚನೆ. ಅದನ್ನ ಹಾಗೇ ಬಿಟ್ಟು ಎದ್ದು ಬಂದರೆ ಪರೀಕ್ಷೆ ನೆಟ್ಟಗೆ ಆಗುತ್ತಾ? ಒಂದು ಹೋಳು ಕಾಯಿ, ಚೂರು ಬೆಲ್ಲ, ಬಾಳೆಹಣ್ಣು. ಅಷ್ಟೇ. ಫಲಾಹಾರ ಅದು, ತಿಂದ ಹಾಗಲ್ಲ."

"ಅಪ್ಪ, ಮುಟ್ಟಬೇಡಿ ಅಂದಿದ್ದೆ."

"ಇನ್ನೊಂದು ಹೋಳು ಮುಟ್ಟಿಲ್ಲಮ್ಮ. ಅದು ಆಂಟೀದು."

ಹೆಂಡತಿ ಬಹಳ ಮೆಲ್ಲಗೆ ಕೇಳಿದಳು, "ಅಪ್ಪ, ಹೋದ ಸಲ ರಕ್ತ ಕೊಡೋಕೆ ಮುಂಚೆ?"

"ಹೋದ ಸಲ ಪ್ರಸಾದ ಎಲ್ಲಿತ್ತು?" ಮಾವನವರಿಗೆ ಈ ಪ್ರಶ್ನೆಯಿಂದ ಬೇಸರವಾಯಿತು. "ಹೋದ ಸಲ ಬರೀ ಅವಲಕ್ಕಿ. ಕಾಯಿ, ಬೆಲ್ಲ ಹಾಕಿ ಕಲಸಿದ್ದು. ನೀವಿಬ್ಬರೂ ಮಲಗಿದ್ರಿ, ನಾನೇ ಕಲಸ್ಕೊಂಡೆ. ಮೇಲೆ ಒಂದು ಲೋಟ ಹಾಲು. ಉಪವಾಸ ಅಂದ್ರೆ ಉಪವಾಸ."

ನಾನು ನರ್ಸಿಗೆ ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದೆ. ಅವಳು ಸೂಜಿ ಕೆಳಗಿಟ್ಟು ಬಾಯಿಗೆ ಕೈ ಅಡ್ಡ ಹಿಡಿದಳು, ಭುಜ ಕುಣಿಯುತ್ತಿತ್ತು. ನನ್ನ ಹೆಂಡತಿ ಗೋಡೆಯ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಳು. ಮೂರು ತಿಂಗಳಲ್ಲಿ ಅವಳು ಬೆನ್ನು ಒರಗಿಸಿ ಕೂತದ್ದನ್ನು ಅಂದೇ ನೋಡಿದ್ದು. ಮೊದಲು ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡಳು. ಆಮೇಲೆ ಮತ್ತೆ ನಕ್ಕಳು. ಮಾವ ಗಾಬರಿಯಾಗಿ, "ಯಾಕಮ್ಮ, ನಿನಗೂ ಹೊಟ್ಟೆ ಹಸೀತಿದೆಯಾ?" ಎಂದು ಕೇಳಿದರು.

ಅಂದು ಅಲ್ಲಿ ನಿಜವಾಗಿ ಖಾಲಿ ಹೊಟ್ಟೆಯಲ್ಲಿದ್ದವನು ನಾನೊಬ್ಬನೇ. ಆದ್ದರಿಂದ ರಕ್ತ ತೆಗೆದದ್ದು ನನ್ನದು ಮಾತ್ರ. ಮಾವನವರನ್ನು ಮರುದಿನ ಬರಹೇಳಿದರು. ಮರುದಿನ ಬೆಳಿಗ್ಗೆ ಅವರಿಗೆ ನೀರು ಬಿಟ್ಟು ಏನೂ ಸಿಗಲಿಲ್ಲ. ದೇವರಿಗೂ ಅಂದು ನೀರೇ ನೈವೇದ್ಯ. ಮೊಮ್ಮಗಳು ಬಾಯಿ ಮೂಸಿ ನೋಡಿದ ಮೇಲೆಯೇ ಮನೆಯ ಬಾಗಿಲು ತೆರೆದದ್ದು.

ಎರಡೂ ವರದಿ ಒಟ್ಟಿಗೆ ಬಂದವು. ಅದೇ ಡಾಕ್ಟರು ಮಾವನವರದ್ದನ್ನು ಮೊದಲು ಓದಿದಳು. ಅವರ ವಯಸ್ಸಿಗೆ ಏನೇನೂ ಚಿಂತೆಯಿಲ್ಲ, ಮಾತ್ರೆಯ ಮಾತೇ ಬೇಡ ಎಂದಳು. "ಅಂಕಲ್, ಈಟ್ ಕ್ಯಾನ್. ಲಿಟಲ್ ಲಿಟಲ್." ಹೆಂಡತಿ ಅಪ್ಪನ ಕೈ ಹಿಡಿದುಕೊಂಡಳು.

ಡಾಕ್ಟರು ಎರಡನೇ ಹಾಳೆ ಎತ್ತಿಕೊಂಡಳು. ಒಮ್ಮೆ ಓದಿದಳು. ಮತ್ತೊಮ್ಮೆ ಓದಿದಳು. ಇದು ಯಾರದ್ದು ಎಂದು ಕೇಳಿದಳು. ಹೆಂಡತಿ ತಿರುಗಿ ನನ್ನನ್ನು ನೋಡಿದಳು. ಮೂರು ತಿಂಗಳು ಮನೆಯಲ್ಲಿ ಒಂದು ಚೂರೂ ಕಾಯಿ ತಿನ್ನದ ಮನುಷ್ಯನ ರಕ್ತ ಹೀಗೇಕಾಯಿತೆಂದು ಅವಳು ಯೋಚಿಸುತ್ತಿದ್ದಳು. ಯೋಚನೆ ಬಹಳ ಹೊತ್ತು ಹಿಡಿಯಲಿಲ್ಲ.

ಮಾವ ಮುಂದಕ್ಕೆ ಬಾಗಿ ನನ್ನ ಮೊಣಕಾಲು ತಟ್ಟಿದರು. ಧೈರ್ಯ ಹೇಳುವ ದನಿಯಲ್ಲಿ, "ಅಳಿಯಂದ್ರೆ, ಬ್ರೂಮ್ ಕ್ಯಾನ್," ಎಂದರು.

ಸೆರಂಗೂನಿನ ಫ್ಲಾಟಿನಲ್ಲಿ ತೆಂಗಿನಕಾಯಿಯ ನಿಷೇಧ ಮುಂದುವರಿದಿದೆ. ಈಗ ಅದು ಒಬ್ಬ ವ್ಯಕ್ತಿಗೆ ಮಾತ್ರ ಅನ್ವಯಿಸುತ್ತದೆ, ವ್ಯಾಪ್ತಿಯನ್ನು ಬ್ಯೂನಾ ವಿಸ್ಟಾದವರೆಗೆ ವಿಸ್ತರಿಸಲಾಗಿದೆ. ಮುಂದಿನ ಪರೀಕ್ಷೆ ಮೂರು ತಿಂಗಳ ನಂತರ.